ಹಳ್ಳಿ ಕ್ಲಿನಿಕ್ ಸೇರಿದರೆ ಅಮೆರಿಕದ ಶಿಕ್ಷಣ ಸಾಲ ನಿಜಕ್ಕೂ ತೀರುತ್ತದೆಯೇ?

ಪ್ರಶ್ನೆ: ನಾನು ಮಂಗಳೂರಿನಲ್ಲಿ ಬಿಡಿಎಸ್ ಮುಗಿಸಿ, ಮದುವೆಯಾಗಿ ಅಮೆರಿಕಕ್ಕೆ ಬಂದವಳು. ನನ್ನ ಯಜಮಾನರ ಕಂಪನಿ ಮೂಲಕ 2022ರ ಆಗಸ್ಟ್‌ನಲ್ಲಿ ಗ್ರೀನ್ ಕಾರ್ಡ್ ಬಂತು. 2023ರಲ್ಲಿ ಇಲ್ಲಿ ಎರಡು ವರ್ಷದ ಅಡ್ವಾನ್ಸ್‌ಡ್ ಸ್ಟ್ಯಾಂಡಿಂಗ್ ಕೋರ್ಸಿಗೆ ಸೇರಿ 2025ರ ಮೇ ತಿಂಗಳಲ್ಲಿ ಡಿಡಿಎಸ್ ಪಡೆದೆ. ಲೈಸೆನ್ಸ್ ಈಗ ಕೈಗೆ ಬಂದಿದೆ. ಫೆಡರಲ್ ಸಾಲ 2,10,000 ಡಾಲರ್ ಇದೆ, ಬಡ್ಡಿ ಸರಾಸರಿ ಶೇ 8. ಮೊದಲ ಸೆಮಿಸ್ಟರಿನಲ್ಲಿ ಆತುರಕ್ಕೆ ಖಾಸಗಿ ಬ್ಯಾಂಕಿನಿಂದ ತೆಗೆದದ್ದು 60,000 ಡಾಲರ್, ಬಡ್ಡಿ ಶೇ 11. ಊರಿನ ಬ್ಯಾಂಕಿನಲ್ಲಿ ಬಿಡಿಎಸ್ ಸಾಲ ಇನ್ನೂ 6 ಲಕ್ಷ ರೂಪಾಯಿ ಉಳಿದಿದೆ, ಅಪ್ಪನ ಮನೆ ಪತ್ರ ಅಲ್ಲೇ ಅಡ ಇದೆ. ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯ ಒಂದು ಸಮುದಾಯ ಆರೋಗ್ಯ ಕೇಂದ್ರ 1,70,000 ಡಾಲರ್ ಸಂಬಳಕ್ಕೆ ಕರೆದಿದೆ. ಪಟ್ಟಣದ ಒಂದು ಡೆಂಟಲ್ ಚೈನ್ 2,00,000 ಎನ್ನುತ್ತಿದೆ. ‘ಹಳ್ಳಿ ಕಡೆ ಎರಡು ವರ್ಷ ಮಾಡಿದರೆ ಸಾಲವೆಲ್ಲ ಮನ್ನಾ’ ಎಂದು ಜೊತೆಯಲ್ಲಿ ಓದಿದವರು ಹೇಳುತ್ತಾರೆ. ‘ಸಿಟಿಜನ್ ಅಲ್ಲದವರಿಗೆ ಏನೂ ಸಿಗಲ್ಲ’ ಎಂದು ಇನ್ನೊಬ್ಬರು. ಯಜಮಾನರು ಎಲ್ಲ ಸಾಲವನ್ನೂ ಕಡಿಮೆ ಬಡ್ಡಿಗೆ ರಿಫೈನಾನ್ಸ್ ಮಾಡಿಬಿಡೋಣ ಎನ್ನುತ್ತಿದ್ದಾರೆ. ಮೂರು ವರ್ಷದ ಮಗುವಿದೆ. ಏನು ಮಾಡಲಿ?

ಉತ್ತರ: ಮೊದಲಿಗೆ ಒಂದು ವಿನಂತಿ. ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುವವರೆಗೆ ಆ ರಿಫೈನಾನ್ಸ್ ಅರ್ಜಿಗೆ ಸಹಿ ಹಾಕಬೇಡಿ. ಉಳಿದ ತೀರ್ಮಾನಗಳನ್ನೆಲ್ಲ ಆಮೇಲೆ ತಿದ್ದಿಕೊಳ್ಳಬಹುದು. ಫೆಡರಲ್ ಸಾಲವನ್ನು ಖಾಸಗಿ ಬ್ಯಾಂಕಿಗೆ ವರ್ಗಾಯಿಸಿದ ಮೇಲೆ ಮಾತ್ರ ಮತ್ತೆ ಫೆಡರಲ್ ಮಾಡಿಕೊಳ್ಳಲು ಯಾವ ದಾರಿಯೂ ಇಲ್ಲ.

ನಿಮ್ಮ ಆತಂಕ ನನಗೆ ಅರ್ಥವಾಗುವುದು ಹೀಗೆ: ಹಳ್ಳಿ ಕ್ಲಿನಿಕ್ ಸೇರಿ ಕಡಿಮೆ ಸಂಬಳಕ್ಕೆ ದುಡಿದು, ಕೊನೆಗೆ ‘ನಿಮಗೆ ಅರ್ಹತೆ ಇಲ್ಲ’ ಎಂದುಬಿಟ್ಟರೆ ಎರಡೂ ಕಡೆ ನಷ್ಟ. ಇದು ಸುಮ್ಮನೆ ಹುಟ್ಟಿದ ಭಯವಲ್ಲ. ಸಲಹೆ ಕೇಳಿ ಬರುವ ಭಾರತೀಯ ದಂತವೈದ್ಯರಲ್ಲಿ ಬಹಳ ಮಂದಿ ಎರಡು ಬೇರೆ ಬೇರೆ ಯೋಜನೆಗಳನ್ನು ಒಂದೇ ಎಂದುಕೊಂಡು ಲೆಕ್ಕ ಹಾಕಿರುತ್ತಾರೆ. ನಿಮ್ಮ ಗೆಳತಿಯರು ಹೇಳಿದ ‘ಎರಡು ವರ್ಷ’ ಒಂದು ಯೋಜನೆಯದು, ‘ಎಲ್ಲ ಸಾಲ ಮನ್ನಾ’ ಇನ್ನೊಂದರದು. ಎರಡೂ ಸೇರಿದ ಯೋಜನೆ ಯಾವುದೂ ಇಲ್ಲ.

‘ಮನ್ನಾ’ ಎಂಬ ಮಾತೇ ನಮ್ಮವರನ್ನು ದಾರಿ ತಪ್ಪಿಸುತ್ತದೆ. ಊರಲ್ಲಿ ಸಾಲಮನ್ನಾ ಎಂದರೆ ಸರ್ಕಾರ ಘೋಷಿಸುತ್ತದೆ, ಪಟ್ಟಿಯಲ್ಲಿ ಹೆಸರು ಬರುತ್ತದೆ, ಬಾಕಿ ಹೋಗುತ್ತದೆ. ಇಲ್ಲಿಯದು ಹಾಗಲ್ಲ. ಒಂದು, ಸರ್ಕಾರದೊಂದಿಗೆ ಮಾಡಿಕೊಳ್ಳುವ ಸೇವಾ ಕರಾರು. ಇನ್ನೊಂದು, ಹತ್ತು ವರ್ಷದಷ್ಟು ತಿಂಗಳ ಕಂತು ಕಟ್ಟಿದ್ದನ್ನು ದಾಖಲೆ ಸಮೇತ ತೋರಿಸಿ ಪಡೆಯುವ ವಿನಾಯಿತಿ.

ಮೊದಲು ಕರಾರಿನ ಯೋಜನೆ. ಇದನ್ನು ನಡೆಸುವುದು ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್, ಎಲ್ಲರೂ ಎನ್‌ಎಚ್‌ಎಸ್‌ಸಿ ಎನ್ನುತ್ತಾರೆ. 1970ರ ಕಾಯ್ದೆಯಿಂದ ಹುಟ್ಟಿದ ಸಂಸ್ಥೆ. ವೈದ್ಯರ ಕೊರತೆಯಿರುವ ಪ್ರದೇಶದ ಅನುಮೋದಿತ ಕ್ಲಿನಿಕ್‌ನಲ್ಲಿ ದಂತವೈದ್ಯರು ಎರಡು ವರ್ಷ ಪೂರ್ಣಾವಧಿ ಕೆಲಸ ಮಾಡಲು ಒಪ್ಪಿದರೆ ಗರಿಷ್ಠ 50,000 ಡಾಲರ್, ಅರೆಕಾಲಿಕವಾದರೆ 25,000. ಹಣ ಆರಂಭದಲ್ಲೇ ಒಂದೇ ಗಂಟಾಗಿ ನಿಮ್ಮ ಖಾತೆಗೆ ಬರುತ್ತದೆ, ಫೆಡರಲ್ ಆದಾಯ ತೆರಿಗೆ ಇಲ್ಲ. ಅದನ್ನು ನೀವು ಶಿಕ್ಷಣ ಸಾಲಕ್ಕೇ ಕಟ್ಟಬೇಕು. ಎರಡು ವರ್ಷದ ನಂತರ ಸಾಲ ಉಳಿದಿದ್ದರೆ ಒಂದೊಂದು ವರ್ಷಕ್ಕೆ ಕರಾರು ಮುಂದುವರಿಸಬಹುದು, ಆದರೆ ಮೊತ್ತ ಕಡಿಮೆಯಾಗುತ್ತಾ ಹೋಗುತ್ತದೆ. ನಿಮ್ಮ ಒಟ್ಟು 2,70,000 ಡಾಲರ್ ಸಾಲದಲ್ಲಿ ಎರಡು ವರ್ಷಕ್ಕೆ ತೀರುವುದು ಐದರಲ್ಲಿ ಒಂದು ಪಾಲೂ ಅಲ್ಲ.

ಇದಕ್ಕೆ ಅರ್ಜಿ ಹಾಕುವ ಹೊತ್ತಿಗೆ ನೀವು ಅಮೆರಿಕದ ಪ್ರಜೆಯಾಗಿರಬೇಕು. ಗ್ರೀನ್ ಕಾರ್ಡ್ ಸಾಲದು. ಮೂಲನಿವಾಸಿ ಸಮುದಾಯಗಳ ಆಸ್ಪತ್ರೆಗಳಿಗೆ ಇಂಡಿಯನ್ ಹೆಲ್ತ್ ಸರ್ವಿಸ್ ನಡೆಸುವ ಇಂಥದ್ದೇ ಯೋಜನೆಗೂ, ಫೆಡರಲ್ ನೆರವಿನಿಂದ ರಾಜ್ಯಗಳು ನಡೆಸುವ ಸಾಲ ಮರುಪಾವತಿ ಯೋಜನೆಗಳಿಗೂ ಇದೇ ಷರತ್ತು. ಹಾಗಾಗಿ ‘ಸಿಟಿಜನ್ ಅಲ್ಲದವರಿಗೆ ಸಿಗಲ್ಲ’ ಎಂದವರು ಹೇಳಿದ್ದು ಈ ಮಟ್ಟಿಗೆ ನಿಜ.

ಎರಡನೆಯದಕ್ಕೆ ಆ ಮಾತು ಅನ್ವಯಿಸುವುದಿಲ್ಲ. ಪಬ್ಲಿಕ್ ಸರ್ವಿಸ್ ಲೋನ್ ಫರ್ಗಿವ್‌ನೆಸ್, ಅಂದರೆ ಪಿಎಸ್‌ಎಲ್‌ಎಫ್, 2007ರಲ್ಲಿ ಬಂದದ್ದು. ಸರ್ಕಾರಿ ಸಂಸ್ಥೆಯಲ್ಲೋ 501(ಸಿ)(3) ಲಾಭರಹಿತ ಸಂಸ್ಥೆಯಲ್ಲೋ ವಾರಕ್ಕೆ 30 ಗಂಟೆಗೆ ಕಡಿಮೆಯಿಲ್ಲದೆ ಕೆಲಸ ಮಾಡುತ್ತಾ, ಫೆಡರಲ್ ಡೈರೆಕ್ಟ್ ಸಾಲಕ್ಕೆ 120 ಅರ್ಹ ಕಂತು ಕಟ್ಟಿದರೆ, ಉಳಿದ ಬಾಕಿ ಎಷ್ಟೇ ಇರಲಿ ಹೋಗುತ್ತದೆ. ಹೋದ ಮೊತ್ತಕ್ಕೆ ಫೆಡರಲ್ ತೆರಿಗೆಯಿಲ್ಲ. ಇಲ್ಲಿ ಕೇಳುವುದು ಎಂಥ ಸಾಲ, ಎಂಥ ಉದ್ಯೋಗದಾತ ಎಂಬುದನ್ನೇ ಹೊರತು ಪಾಸ್‌ಪೋರ್ಟ್ ಯಾವುದು ಎಂದಲ್ಲ. ಗ್ರೀನ್ ಕಾರ್ಡ್ ಇದ್ದುದರಿಂದ ನಿಮಗೆ ಡೈರೆಕ್ಟ್ ಸಾಲ ಸಿಕ್ಕಿದೆ, ಆದ್ದರಿಂದ ಈ ದಾರಿ ಇವತ್ತೇ ತೆರೆದಿದೆ.

ಇದನ್ನು ಓದುತ್ತಿರುವ ಎಫ್-1 ಅಥವಾ ಎಚ್-1ಬಿ ವೀಸಾದವರಿಗೆ ಇಲ್ಲೇ ಒಂದು ಮಾತು. ನಿಮಗೆ ಫೆಡರಲ್ ಸಾಲವೇ ಸಿಗುವುದಿಲ್ಲವಾದ್ದರಿಂದ ಪಿಎಸ್‌ಎಲ್‌ಎಫ್ ಇಲ್ಲ, ಪೌರತ್ವ ಇಲ್ಲದ್ದರಿಂದ ಎನ್‌ಎಚ್‌ಎಸ್‌ಸಿ ಇಲ್ಲ. ಕೊರತೆಯ ಪ್ರದೇಶದಲ್ಲಿ ಕೆಲಸ ಮಾಡಿದರೆ ವೀಸಾ ರಿಯಾಯಿತಿ ಕೊಡುವ ಕಾನ್ರಾಡ್ 30 ಎಂಬಿಬಿಎಸ್ ಮಾಡಿದ ವೈದ್ಯರಿಗಷ್ಟೇ, ದಂತವೈದ್ಯರಿಗಲ್ಲ. ಉಳಿಯುವುದು ಉದ್ಯೋಗದಾತರ ನೇರ ನೆರವು. ನೌಕರರ ಶಿಕ್ಷಣ ಸಾಲಕ್ಕೆ ವರ್ಷಕ್ಕೆ 5,250 ಡಾಲರ್ ತನಕ ಅವರು ತೆರಿಗೆರಹಿತವಾಗಿ ಕಟ್ಟಬಹುದು. ಸಂಬಳದ ಮಾತುಕತೆಯಲ್ಲಿ ಅದನ್ನು ಬಾಯಿಬಿಟ್ಟು ಕೇಳಿ.

ಯಾವ ದುಡ್ಡು ಯಾವ ಸಾಲಕ್ಕೆ

ಎರಡೂ ಯೋಜನೆ ಗೊತ್ತಿರುವವರು ಕೂಡ ತಪ್ಪುವ ಜಾಗ ಇದು. ಎನ್‌ಎಚ್‌ಎಸ್‌ಸಿ ದುಡ್ಡು ಬಂದ ಕೂಡಲೇ ದೊಡ್ಡ ಸಾಲ ಇಳಿಸೋಣ ಎಂದು ಫೆಡರಲ್ ಸಾಲಕ್ಕೆ ಕಟ್ಟಿಬಿಡುತ್ತಾರೆ. ಆದರೆ ಆ ಸಾಲ ಪಿಎಸ್‌ಎಲ್‌ಎಫ್‌ನಲ್ಲಿದ್ದರೆ, ಕಂತು ನಿಂತಿರುವುದು ನಿಮ್ಮ ಆದಾಯದ ಮೇಲೆ, ಬಾಕಿಯ ಮೇಲಲ್ಲ. ಗಂಟು ಕಟ್ಟಿದ್ದಕ್ಕೆ ತಿಂಗಳ ಕಂತು ಒಂದು ಡಾಲರೂ ಇಳಿಯುವುದಿಲ್ಲ. ಹತ್ತು ವರ್ಷದ ಕೊನೆಗೆ ಹೇಗೂ ಹೋಗಬೇಕಿದ್ದ ಬಾಕಿಯನ್ನು ನೀವೇ ಮೊದಲು ತೀರಿಸಿದ ಹಾಗಾಯಿತು, ಅಷ್ಟೆ. ಎನ್‌ಎಚ್‌ಎಸ್‌ಸಿ ಒಪ್ಪುವ ಸಾಲಗಳಲ್ಲಿ ಖಾಸಗಿ ಬ್ಯಾಂಕಿನ ಶಿಕ್ಷಣ ಸಾಲವೂ ಸೇರುತ್ತದೆ. ಆ ಬ್ಯಾಂಕು ಅಮೆರಿಕದ ಫೆಡರಲ್ ಅಥವಾ ರಾಜ್ಯ ಸರ್ಕಾರದ ಮೇಲ್ವಿಚಾರಣೆಗೆ ಒಳಪಟ್ಟಿರಬೇಕು, ಸಾಲ ನಿಮ್ಮ ಹೆಸರಿನಲ್ಲಿ ನಿಮ್ಮ ಓದಿಗೇ ತೆಗೆದದ್ದಾಗಿರಬೇಕು. ಪಿಎಸ್‌ಎಲ್‌ಎಫ್ ಮುಟ್ಟದ ಶೇ 11ರ ಸಾಲ ಅದೇ. ಆದ್ದರಿಂದ ಕರಾರಿನ ದುಡ್ಡು ಖಾಸಗಿ ಸಾಲಕ್ಕೆ, ಹತ್ತು ವರ್ಷದ ವಿನಾಯಿತಿ ಫೆಡರಲ್ ಸಾಲಕ್ಕೆ.

ನಿಮ್ಮ ಕಾಲಕ್ರಮಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಗ್ರೀನ್ ಕಾರ್ಡಿಗೆ ಐದು ವರ್ಷ ತುಂಬುವುದು 2027ರ ಆಗಸ್ಟ್‌ನಲ್ಲಿ. 90 ದಿನ ಮುಂಚೆ, ಅಂದರೆ ಮೇ ತಿಂಗಳಲ್ಲೇ ಪೌರತ್ವದ ಅರ್ಜಿಯಾದ ಎನ್-400 ಸಲ್ಲಿಸಬಹುದು. ಪ್ರಮಾಣಪತ್ರ ಸಕಾಲಕ್ಕೆ ಕೈಗೆ ಬಂದರೆ 2028ರ ಸುತ್ತಿನ ಎನ್‌ಎಚ್‌ಎಸ್‌ಸಿ ಅರ್ಜಿಗೆ ನೀವು ಸಿದ್ಧ. ಅಷ್ಟರಲ್ಲಿ ಖಾಸಗಿ ಸಾಲವನ್ನು ಹತ್ತು ವರ್ಷದ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 827 ಡಾಲರ್‌ನಂತೆ ಕಟ್ಟುತ್ತಾ ಬಂದರೆ 24 ಕಂತಿನ ನಂತರ ಬಾಕಿ ಸುಮಾರು 52,600. ಒಂದು ಆಯ್ಕೆಯಲ್ಲಿ ಆ ಸಾಲ ಹೆಚ್ಚುಕಡಿಮೆ ಮುಗಿಯುತ್ತದೆ.

ಪೌರತ್ವ ಮಾತ್ರ 50,000 ಡಾಲರ್ ನೋಡಿಕೊಂಡು ಮಾಡುವ ತೀರ್ಮಾನವಲ್ಲ. ಭಾರತದ ಪಾಸ್‌ಪೋರ್ಟ್ ಬಿಟ್ಟು ಒಸಿಐ ಮಾಡಿಸಿಕೊಂಡರೆ ಊರಿನಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದು ಉಳಿಯುತ್ತದೆ. ಮನೆಯವರೆಲ್ಲ ಕೂತು ಮಾತಾಡಿ. ಪ್ರಜೆಯಾಗದೆ ಇದ್ದರೂ ಪಿಎಸ್‌ಎಲ್‌ಎಫ್ ಎಣಿಕೆ ನಿಲ್ಲುವುದಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಸಾಲ ಮರುಪಾವತಿ ಯೋಜನೆಯಿದೆ: ಕ್ಯಾಲ್‌ಹೆಲ್ತ್‌ಕೇರ್ಸ್. 2016ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 56ರ ತಂಬಾಕು ತೆರಿಗೆಯಿಂದ ಬಂದದ್ದು. ಐದು ವರ್ಷ, ರೋಗಿಗಳಲ್ಲಿ ಶೇ 30ರಷ್ಟಾದರೂ ಮೆಡಿ-ಕ್ಯಾಲ್‌ (ಆ ರಾಜ್ಯದ ಬಡವರ ಆರೋಗ್ಯ ವಿಮೆ) ಇರುವವರನ್ನು ನೋಡಿದರೆ ಗರಿಷ್ಠ 3,00,000 ಡಾಲರ್. ಮೊತ್ತ ದೊಡ್ಡದು, ಸ್ಪರ್ಧೆಯೂ ದೊಡ್ಡದು. ಆ ವರ್ಷ ಅರ್ಜಿ ಕರೆದಿದ್ದಾರೆಯೇ, ಪದವಿ ಪಡೆದ ವರ್ಷದ ಮಿತಿ ಏನು, ವಲಸೆ ಸ್ಥಿತಿಯ ಷರತ್ತು ಏನು ಎಂಬುದನ್ನು ಆ ಸುತ್ತಿನ ನಿಯಮದಲ್ಲೇ ಓದಿ. ಸಿಕ್ಕಿತೆಂದರೆ ಒಂದು ಮಾತು ನೆನಪಿರಲಿ: ಬೇರೆ ಸೇವಾ ಕರಾರು ಬಾಕಿ ಇರುವವರನ್ನು ಎನ್‌ಎಚ್‌ಎಸ್‌ಸಿ ತೆಗೆದುಕೊಳ್ಳುವುದಿಲ್ಲ. ಎರಡರಲ್ಲಿ ಒಂದು. ಪಿಎಸ್‌ಎಲ್‌ಎಫ್ ಕರಾರು ಅಲ್ಲವಾದ್ದರಿಂದ ಅದು ಯಾವುದರ ಜೊತೆಗಾದರೂ ನಡೆಯುತ್ತದೆ.

ಕಂತಿನ ಲೆಕ್ಕ, ಮತ್ತು ಜುಲೈ 1ರ ಗೆರೆ

ಶೇ 8ರ ಬಡ್ಡಿಗೆ 2,10,000 ಡಾಲರನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 2,550 ಬೇಕು, ಒಟ್ಟು 3,05,000ಕ್ಕೂ ಮೇಲೆ. ಪಿಎಸ್‌ಎಲ್‌ಎಫ್‌ನಲ್ಲಿ ಉಳಿತಾಯವಾಗಬೇಕಾದರೆ ಆದಾಯ ಆಧಾರಿತ ಕಂತಿನಲ್ಲಿರಬೇಕು. ಹಳೆಯ ಸಲಹೆಗಳಲ್ಲಿ ಕಾಣುವ ‘ಸೇವ್’ ಪ್ಲಾನ್‌ನ ಕಥೆ ಮುಗಿದಿದೆ, ಅದನ್ನು ಮರೆತುಬಿಡಿ. ನಿಮ್ಮ ಮುಂದೆ ಇರುವ ಆದಾಯ ಆಧಾರಿತ ಪ್ಲಾನ್‌ಗಳೆಂದರೆ ಐಬಿಆರ್, ಮತ್ತು 2026ರ ಜುಲೈ 1ರಿಂದ ಬರುವ ರ‍್ಯಾಪ್.

170 ಸಾವಿರ ಸಂಬಳದಲ್ಲಿ 15 ಸಾವಿರವನ್ನು 403(ಬಿ) ನಿವೃತ್ತಿ ಖಾತೆಗೆ ಹಾಕಿದಿರಿ ಎನ್ನೋಣ. ತೆರಿಗೆ ಲೆಕ್ಕದ ಆದಾಯ 155 ಸಾವಿರ. ಮೊದಲ ಫೆಡರಲ್ ಸಾಲವನ್ನೇ 2014ರ ಜುಲೈ ನಂತರ ತೆಗೆದ ನಿಮ್ಮಂಥವರಿಗೆ ಐಬಿಆರ್ ಅಂದರೆ ಬಡತನ ರೇಖೆಯ ಒಂದೂವರೆ ಪಟ್ಟು ಬಿಟ್ಟು ಉಳಿದದ್ದರ ಶೇ 10. ನೀವು ಮತ್ತು ಮಗು, ಇಬ್ಬರ ಕುಟುಂಬವೆಂದು 2025ರ ರೇಖೆ ಹಿಡಿದರೆ ಬಿಡುವುದು 31,725. ಕಂತು ತಿಂಗಳಿಗೆ ಸುಮಾರು 1,027. ರ‍್ಯಾಪ್‌ನಲ್ಲಿ ಲಕ್ಷ ಡಾಲರ್ ಮೀರಿದವರಿಗೆ ಪೂರ್ತಿ ಆದಾಯದ ಶೇ 10, ಮಗುವಿಗೆ ತಿಂಗಳಿಗೆ 50 ಡಾಲರ್ ರಿಯಾಯಿತಿ. ಸುಮಾರು 1,242.

ಐಬಿಆರ್ ಅಗ್ಗ ಅನಿಸುತ್ತದೆ. ಆದರೆ ನಿಮ್ಮ ಸಾಲಕ್ಕೆ ತಿಂಗಳ ಬಡ್ಡಿಯೇ ಸುಮಾರು 1,400. ಐಬಿಆರ್‌ನಲ್ಲಿ ಕಂತು ಮುಟ್ಟದ ಬಡ್ಡಿ ಬಾಕಿಗೆ ಕೂಡುತ್ತಾ ಹೋಗುತ್ತದೆ. ಕಟ್ಟುತ್ತಲೇ ಇದ್ದರೂ ಬಾಕಿ ಏರುವುದು ಕಂಡು ಮೂರನೇ ವರ್ಷಕ್ಕೆ ಹೆದರಿ ರಿಫೈನಾನ್ಸ್‌ಗೆ ಓಡುವವರಿದ್ದಾರೆ. ರ‍್ಯಾಪ್‌ನಲ್ಲಿ ಪೂರ್ತಿ ಕಂತು ಸಮಯಕ್ಕೆ ಕಟ್ಟಿದರೆ ಉಳಿದ ಬಡ್ಡಿ ಬಿಟ್ಟುಹೋಗುತ್ತದೆ. ಹತ್ತು ವರ್ಷವೂ ಲಾಭರಹಿತ ಸಂಸ್ಥೆಯಲ್ಲೇ ಇರುವುದು ಖಚಿತವಿದ್ದರೆ ಐಬಿಆರ್, ಏಕೆಂದರೆ ಬೆಳೆದ ಬಾಕಿಯೂ ಕೊನೆಗೆ ಹೋಗುತ್ತದೆ. ನಾಲ್ಕೈದು ವರ್ಷಕ್ಕೆ ಸ್ವಂತ ಕ್ಲಿನಿಕ್ ಆಸೆಯಿದ್ದರೆ ರ‍್ಯಾಪ್, ಏಕೆಂದರೆ ಹೊರಬಂದ ದಿನ ಬಾಕಿ ಏರಿರುವುದಿಲ್ಲ. ನಿಮ್ಮ ಪತ್ರದಲ್ಲಿ ಹತ್ತು ವರ್ಷದ ಮಾತು ಎಲ್ಲೂ ಇಲ್ಲ. ಅದನ್ನು ಮೊದಲು ನಿಮ್ಮೊಳಗೆ ತೀರ್ಮಾನಿಸಿಕೊಳ್ಳಿ.

ಐಬಿಆರ್ ಆಯ್ಕೆ ಉಳಿಯಬೇಕಾದರೆ 2026ರ ಜುಲೈ 1ರಿಂದಾಚೆ ಹೊಸ ಫೆಡರಲ್ ಸಾಲ ತೆಗೆಯಬಾರದು. ಸಾಲಗಳನ್ನೆಲ್ಲ ಒಟ್ಟುಗೂಡಿಸುವ ಕನ್ಸಾಲಿಡೇಷನ್ ಕೂಡ ಹೊಸ ಸಾಲವೆಂದೇ ಲೆಕ್ಕ. ‘ಒಂದೇ ಕಂತು ಆದರೆ ಅನುಕೂಲ’ ಎಂದು ಯಾರಾದರೂ ಫೋನ್ ಮಾಡಿದರೆ ಬೇಡ ಎನ್ನಿ, ನಿಮ್ಮದೆಲ್ಲ ಈಗಾಗಲೇ ಡೈರೆಕ್ಟ್ ಸಾಲವೇ. ಈಗ ಫೋರ್‌ಬೇರನ್ಸ್‌ನಲ್ಲಿ, ಅಂದರೆ ಕಂತನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಕೂತಿದ್ದರೆ ಆ ತಿಂಗಳುಗಳು ಎಣಿಕೆಗೆ ಬರುವುದಿಲ್ಲ. ಕೆಲಸಕ್ಕೆ ಸೇರುವ ವಾರವೇ ಪ್ಲಾನ್ ಅರ್ಜಿ ಹಾಕಿ.

ಮೇಲಿನ ಕಂತುಗಳು ನಿಮ್ಮ ಆದಾಯವೊಂದೇ ಎಣಿಕೆಗೆ ಬಂದರೆ ಮಾತ್ರ. ಗಂಡಹೆಂಡತಿ ಜಂಟಿ ರಿಟರ್ನ್ ಹಾಕಿದರೆ ಯಜಮಾನರ ಸಂಬಳವೂ ಸೇರಿ ಕಂತು ದುಪ್ಪಟ್ಟಾಗಬಹುದು. ಬೇರೆ ಬೇರೆ ಹಾಕಿದರೆ ತೆರಿಗೆ ಕೊಂಚ ಹೆಚ್ಚು, ಕಂತು ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ತೊಡಕು: ದಂಪತಿಯ ದುಡಿಮೆ ಇಬ್ಬರಿಗೂ ಅರ್ಧರ್ಧ ಎಂಬುದು ಅಲ್ಲಿಯ ಕಾನೂನು, ಆದ್ದರಿಂದ ಬೇರೆ ಹಾಕಿದರೂ ಅವರ ಸಂಬಳದ ಅರ್ಧ ನಿಮ್ಮ ರಿಟರ್ನ್‌ಗೆ ಬರುತ್ತದೆ. ರಿಟರ್ನ್ ಬದಲು ನಿಮ್ಮ ಪೇ ಸ್ಲಿಪ್ ತೋರಿಸಿ ಆದಾಯ ದೃಢಪಡಿಸುವ ಬಗ್ಗೆ ಶಿಕ್ಷಣ ಸಾಲ ಗೊತ್ತಿರುವ ಸಿಪಿಎ (ಲೆಕ್ಕ ಪರಿಶೋಧಕ) ಒಬ್ಬರನ್ನು ಕೇಳಿ. ಗೊಂದಲವಿದ್ದರೆ ಮೊದಲು ಬೇರೆ ಬೇರೆ ಹಾಕುವುದು ಕ್ಷೇಮ. ಬೇರೆ ಹಾಕಿದ್ದನ್ನು ಮೂರು ವರ್ಷದೊಳಗೆ ಜಂಟಿಗೆ ಬದಲಿಸಬಹುದು, ಜಂಟಿಯನ್ನು ಗಡುವು ಮುಗಿದ ಮೇಲೆ ಬೇರೆ ಮಾಡಲು ಬರುವುದಿಲ್ಲ.

ಹಾಗಾದರೆ ಯಾವ ಕೆಲಸ?

ದುಡ್ಡಿನ ಮಟ್ಟಿಗೆ ನೇರವಾಗಿ ಹೇಳುತ್ತೇನೆ. ಎರಡು ಕೆಲಸಗಳ ಅಂತರ ವರ್ಷಕ್ಕೆ 30,000. ತೆರಿಗೆ ಕಳೆದು ಕೈಗೆ ಸಿಗುವುದು ಸುಮಾರು 19,000, ಹತ್ತು ವರ್ಷಕ್ಕೆ 1,90,000. ಇತ್ತ ಐಬಿಆರ್‌ನಲ್ಲಿ ಸಂಬಳ ಏರಿಕೆ ಸೇರಿಸಿ ಹತ್ತು ವರ್ಷಕ್ಕೆ ಕಟ್ಟುವುದು ಸುಮಾರು 1,40,000, ಅಂದರೆ ಉಳಿಯುವುದು 1,65,000ದಷ್ಟು. ಎನ್‌ಎಚ್‌ಎಸ್‌ಸಿ 50,000 ಸೇರಿದರೆ 2,15,000. ಹೆಚ್ಚುಕಡಿಮೆ ಸಮ. ಹತ್ತು ವರ್ಷ ಪೂರ್ತಿ ಮಾಡದೆ ನಾಲ್ಕಕ್ಕೇ ಬಿಟ್ಟರೆ ಲೆಕ್ಕ ಚೈನ್ ಕಡೆಗೆ ವಾಲುತ್ತದೆ. ಆದರೆ ಅವರ ‘ಎರಡು ಲಕ್ಷ’ ಖಾತ್ರಿ ಸಂಬಳವೋ, ವಸೂಲಾತಿಯ ಶೇಕಡಾವಾರು ಲೆಕ್ಕವೋ ಬರಹದಲ್ಲಿ ಕೇಳಿ. ವಸೂಲಾತಿ ಮೇಲಾದರೆ ಮೊದಲ ವರ್ಷ ಅಷ್ಟು ಬರುವುದು ಕಷ್ಟ. ಇಂಥ ಆರೋಗ್ಯ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಫೆಡರಲ್ ಕಾನೂನಿನ ಅಡಿಯಲ್ಲೇ ವೈದ್ಯಕೀಯ ನಿರ್ಲಕ್ಷ್ಯದ ಮೊಕದ್ದಮೆಗಳಿಂದ ರಕ್ಷಣೆಯಿರುತ್ತದೆ. ನಿವೃತ್ತಿ ಖಾತೆಗೆ ಅವರ ಪಾಲು, ರಜೆ, ಆರೋಗ್ಯ ವಿಮೆ ಇವನ್ನೂ ಕೂಡಿಸಿ ನೋಡಿ.

ಹೀಗಾಗಿ ಸಾಲವೊಂದನ್ನೇ ನೋಡಿ ಹಳ್ಳಿ ಕ್ಲಿನಿಕ್ ಸೇರಬೇಡಿ, ಸಾಲಕ್ಕೆ ಹೆದರಿ ಬಿಡಲೂಬೇಡಿ. ಕೆಲಸ ನಿಮಗೆ ಒಗ್ಗುತ್ತದೆಯೇ ಎಂಬುದೇ ನಿರ್ಧರಿಸಲಿ.

ಆ ಕೆಲಸ ಹೇಗಿರುತ್ತದೆ ಎಂದರೆ: ದ್ರಾಕ್ಷಿ, ಬಾದಾಮಿ ತೋಟದ ಕೂಲಿಯವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ಕೆನ್ನೆ ಊದಿದೆ, ಕೆಳಗಿನ ದವಡೆಹಲ್ಲು. ರೂಟ್ ಕೆನಾಲ್ ಮಾಡಿ ಉಳಿಸಬಹುದಾದ ಹಲ್ಲು. ಆದರೆ ಅವರು ಇನ್ನೆರಡು ಸಲ ಬರಲಾರರು, ಕೀಳಿಸಿಕೊಂಡು ಹೋಗುತ್ತಾರೆ. ಇದಕ್ಕೆ ಕಾರಣ ನೀತಿಯಲ್ಲಿದೆ. ಬಡವರ ವಿಮೆಯಾದ ಮೆಡಿಕೈಡ್‌ನಲ್ಲಿ ಮಕ್ಕಳ ಹಲ್ಲಿನ ಚಿಕಿತ್ಸೆ ಕಡ್ಡಾಯ, ದೊಡ್ಡವರದು ಆಯಾ ರಾಜ್ಯದ ಇಷ್ಟ. ಕ್ಯಾಲಿಫೋರ್ನಿಯಾ 2009ರಲ್ಲಿ ದೊಡ್ಡವರ ದಂತ ಸೌಲಭ್ಯವನ್ನು ಬಹುಪಾಲು ಕತ್ತರಿಸಿತು, 2014ರಲ್ಲಿ ಸ್ವಲ್ಪ ಮರಳಿಸಿ, ಪೂರ್ತಿ ಕೊಟ್ಟದ್ದು 2018ರಲ್ಲಿ. ಅಷ್ಟು ವರ್ಷ ಕಾದ ಬಾಯಿಗಳು ಈಗ ಬರುತ್ತಿವೆ. ದರ ಕಡಿಮೆಯಾದ್ದರಿಂದ ಖಾಸಗಿ ಕ್ಲಿನಿಕ್‌ಗಳು ಈ ರೋಗಿಗಳನ್ನು ತೆಗೆದುಕೊಳ್ಳಲು ಹಿಂಜರಿಯುತ್ತವೆ. ಸಮುದಾಯ ಕೇಂದ್ರಕ್ಕೆ ಸಿಗುವುದು ಒಂದು ಭೇಟಿಗೆ ಇಷ್ಟು ಎಂಬ ದರ, ಆದ್ದರಿಂದ ದಿನಕ್ಕೆ ಎಷ್ಟು ತಲೆ ಎಂಬ ಒತ್ತಡ ಇದ್ದೇ ಇರುತ್ತದೆ. ದಿನಕ್ಕೆ ಎಷ್ಟು ರೋಗಿಗಳು, ನಿಮಗೆ ಎಷ್ಟು ಕುರ್ಚಿ, ಎಷ್ಟು ಸಹಾಯಕಿಯರು, ತುರ್ತು ರೋಗಿಗಳಿಗೆ ಬೇರೆ ಸಮಯ ಇಟ್ಟಿದ್ದಾರೆಯೇ, ಇವನ್ನು ಕೇಳಿ. ಒಂದು ದಿನ ಅಲ್ಲಿಯ ದಂತವೈದ್ಯರ ಪಕ್ಕದಲ್ಲಿ ನಿಂತು ನೋಡಲು ಅನುಮತಿ ಕೇಳಿ, ಕೊಡುತ್ತಾರೆ.

ಸೇರುವುದೇ ಆದರೆ ಸಹಿಗೆ ಮುಂಚೆ ಮೂರು ವಿಷಯ ಖಚಿತಪಡಿಸಿಕೊಳ್ಳಿ.

ಒಂದು, ಸಂಬಳ ಕೊಡುವವರು ಯಾರು. ಕ್ಲಿನಿಕ್ ಲಾಭರಹಿತ ಸಂಸ್ಥೆಯೇ ಆಗಿದ್ದರೂ ಕೆಲವೆಡೆ ದಂತವೈದ್ಯರನ್ನು ಖಾಸಗಿ ಗುತ್ತಿಗೆ ಕಂಪನಿ ಮೂಲಕ ತೆಗೆದುಕೊಳ್ಳುತ್ತಾರೆ. ಆಗ ಸಾಮಾನ್ಯವಾಗಿ ಪಿಎಸ್‌ಎಲ್‌ಎಫ್ ಇಲ್ಲ. ಅಲ್ಲಿ ಕೆಲಸ ಮಾಡುವವರ ಡಬ್ಲ್ಯೂ-2 ಫಾರಂನ ‘ಬಿ’ ಚೌಕದಲ್ಲಿ ಒಂಬತ್ತು ಅಂಕಿಯ ಉದ್ಯೋಗದಾತರ ಸಂಖ್ಯೆ ಇರುತ್ತದೆ. ಎಚ್‌ಆರ್‌ನಿಂದ ಆ ಸಂಖ್ಯೆ ತರಿಸಿಕೊಂಡು, ಫೆಡರಲ್ ವಿದ್ಯಾರ್ಥಿ ನೆರವಿನ ಜಾಲತಾಣದ ಪಿಎಸ್‌ಎಲ್‌ಎಫ್ ಹುಡುಕಾಟದಲ್ಲಿ ಹಾಕಿ ನೋಡಿ. ‘ಅರ್ಹ’ ಎಂದು ಬಂದರೆ ಆ ಪುಟ ಪ್ರಿಂಟ್ ತೆಗೆದಿಡಿ. ಸೇರಿದ ಮೇಲೆ ವರ್ಷಕ್ಕೊಮ್ಮೆ ಉದ್ಯೋಗ ದೃಢೀಕರಣ ಫಾರಂ ಕಳಿಸಿ. ಹತ್ತು ವರ್ಷದ ಕೊನೆಗೆ ಒಟ್ಟಿಗೆ ಕಳಿಸೋಣ ಎಂದು ಕೂತವರು, ಆ ಹೊತ್ತಿಗೆ ಕ್ಲಿನಿಕ್ಕೇ ವಿಲೀನವಾಗಿ ಸಹಿ ಹಾಕುವವರಿಲ್ಲದೆ ಅಲೆಯುತ್ತಾರೆ.

ಎರಡು, ಹಿಪ್ಸಾ ಅಂಕ. ಕೊರತೆಯ ಪ್ರದೇಶಗಳಿಗೆ ಕೊಡುವ ಈ ಅಂಕ ದಂತ ವಿಭಾಗಕ್ಕೆ 0ಯಿಂದ 26ರವರೆಗೆ. ಜಾಸ್ತಿ ಇದ್ದಷ್ಟೂ ಎನ್‌ಎಚ್‌ಎಸ್‌ಸಿ ಆಯ್ಕೆಯಲ್ಲಿ ಆದ್ಯತೆ. ಕ್ಲಿನಿಕ್‌ನವರು ‘ನಮ್ಮದು 19’ ಎಂದರೆ ಅದು ದಂತ ವಿಭಾಗದ್ದೋ ಸಾಮಾನ್ಯ ವೈದ್ಯಕೀಯದ್ದೋ ಕೇಳಿ. ಒಂದೇ ಕಟ್ಟಡಕ್ಕೆ ಎರಡೂ ಬೇರೆ. ನಿಮಗೆ ಲೆಕ್ಕ ದಂತ ವಿಭಾಗದ್ದು ಮಾತ್ರ. ಅನುಮೋದನೆ ಪ್ರತಿ ವಿಳಾಸಕ್ಕೂ ಪ್ರತ್ಯೇಕ. ವಾರಕ್ಕೆ ಎರಡು ದಿನ ಅನುಮೋದನೆಯಿಲ್ಲದ ಶಾಖೆಗೆ ಕಳಿಸಿದರೆ ಆ ಗಂಟೆಗಳು ಎನ್‌ಎಚ್‌ಎಸ್‌ಸಿ ಲೆಕ್ಕಕ್ಕೆ ಇಲ್ಲ.

ಮೂರು, ಗಂಟೆ. ಮಗು ಚಿಕ್ಕದು, ನಾಲ್ಕು ದಿನ ಸಾಕು ಎನಿಸಬಹುದು. ದಿನಕ್ಕೆ ಎಂಟರಂತೆ ನಾಲ್ಕು ದಿನ, 32 ಗಂಟೆ, ಪಿಎಸ್‌ಎಲ್‌ಎಫ್‌ಗೆ ಪೂರ್ಣಾವಧಿ, ಎನ್‌ಎಚ್‌ಎಸ್‌ಸಿಗೆ ಅರೆಕಾಲಿಕ. ಅದಕ್ಕೆ ಪೂರ್ಣಾವಧಿ ಎಂದರೆ ವಾರಕ್ಕೆ 40 ಗಂಟೆ, ವರ್ಷಕ್ಕೆ 45 ವಾರ. ಹತ್ತು ಗಂಟೆಯ ನಾಲ್ಕು ದಿನ ಒಪ್ಪುತ್ತಾರೆ. ರಜೆ, ಕಾಯಿಲೆ, ಊರಿಗೆ ಹೋಗಿ ಬರುವುದು ಎಲ್ಲ ಸೇರಿ ಸೇವಾ ವರ್ಷದಲ್ಲಿ 35 ಕೆಲಸದ ದಿನ ಮೀರಿದರೆ ಕರಾರು ಅಷ್ಟು ಮುಂದಕ್ಕೆ ಹೋಗುತ್ತದೆ.

ಕರಾರು ಮುರಿದರೆ ಏನು ಎಂಬುದನ್ನು ಸಹಿಗೆ ಮುಂಚೆ ಮನೆಯವರಿಗೂ ಓದಿ ಹೇಳಿ. 24 ತಿಂಗಳಲ್ಲಿ ಎಂಟು ಮುಗಿಸಿ ಬಿಟ್ಟಿರಿ ಎನ್ನಿ. ಮಾಡದ 16 ತಿಂಗಳ ಪಾಲಿನ 33,333 ಡಾಲರ್ ವಾಪಸು, ಅದರ ಮೇಲೆ ತಿಂಗಳಿಗೆ 7,500ರಂತೆ 1,20,000 ದಂಡ, ಮೇಲೆ ಬಡ್ಡಿ. ಒಂದು ವರ್ಷದೊಳಗೆ ಕಟ್ಟಬೇಕು. ಯಜಮಾನರ ಕೆಲಸ ಬೇರೆ ರಾಜ್ಯಕ್ಕೆ ಬದಲಾದರೂ, ಕ್ಲಿನಿಕ್‌ನವರೇ ನಿಮ್ಮನ್ನು ತೆಗೆದರೂ, ಸುಮ್ಮನೆ ಹೊರಡಬೇಡಿ. ಮೊದಲು ಎನ್‌ಎಚ್‌ಎಸ್‌ಸಿಗೆ ಬರೆದು ತಿಳಿಸಿ, ಇನ್ನೊಂದು ಅನುಮೋದಿತ ಕ್ಲಿನಿಕ್‌ಗೆ ವರ್ಗ ಕೇಳಿ. ಪಿಎಸ್‌ಎಲ್‌ಎಫ್‌ನಲ್ಲಿ ಈ ಭಯವಿಲ್ಲ. ಬಿಟ್ಟರೆ ಎಣಿಕೆ ನಿಲ್ಲುತ್ತದೆ, ಅಳಿಯುವುದಿಲ್ಲ. ಎರಡು ವರ್ಷ ಬಿಟ್ಟು ಒಂದು ಡೆಂಟಲ್ ಕಾಲೇಜಿಗೋ ಕೌಂಟಿ ಕ್ಲಿನಿಕ್‌ಗೋ ಸೇರಿದರೆ ಅಲ್ಲಿಂದಲೇ ಮುಂದುವರಿಯುತ್ತದೆ.

ರಿಫೈನಾನ್ಸ್ ಬಗ್ಗೆ ಯಜಮಾನರು ಹೇಳಿದ್ದರಲ್ಲಿ ಅರ್ಧ ಸರಿ. ಆ ಶೇ 11ರ ಖಾಸಗಿ ಸಾಲವನ್ನು ಕಡಿಮೆ ಬಡ್ಡಿಗೆ ಬದಲಿಸಿ, ತಪ್ಪೇನಿಲ್ಲ. ಹೊಸ ಸಾಲ ನಿಮ್ಮ ಒಬ್ಬರ ಹೆಸರಿನಲ್ಲೇ, ಶಿಕ್ಷಣ ಸಾಲವಾಗಿಯೇ ಇರಲಿ. ಅವರ ಎಂಎಸ್ ಸಾಲದ ಜೊತೆ ಬೆರೆಸಿದರೂ, ಮನೆಯ ಮೇಲೆ ಸಾಲ ತೆಗೆದು ತೀರಿಸಿದರೂ 2028ರಲ್ಲಿ ಎನ್‌ಎಚ್‌ಎಸ್‌ಸಿ ಅದನ್ನು ಒಪ್ಪುವುದಿಲ್ಲ. ಮೂಲ ಸಾಲದ ಕಾಗದಗಳನ್ನು ಜೋಪಾನ ಮಾಡಿ. ಚೈನ್ ಕೆಲಸವನ್ನೇ ಆರಿಸಿಕೊಂಡು, ಮುಂದೆಯೂ ಖಾಸಗಿಯಲ್ಲೇ ಇರುತ್ತೇನೆ ಎಂದು ಗಟ್ಟಿಯಾದರೆ ಆಗ ಫೆಡರಲ್ ಸಾಲದ ರಿಫೈನಾನ್ಸ್ ಯೋಚಿಸಬಹುದು, ಅದೂ ಕೆಲಸಕ್ಕೆ ಸೇರಿ ಒಂದು ವರ್ಷ ನೋಡಿದ ಮೇಲೆ.

ಇನ್ನು ಊರಿನ ಸಾಲ. ಭಾರತದ ಬ್ಯಾಂಕಿನ ಬಿಡಿಎಸ್ ಸಾಲವನ್ನು ಅಮೆರಿಕದ ಈ ಯಾವ ಯೋಜನೆಯೂ ಮುಟ್ಟುವುದಿಲ್ಲ. ನಿಮ್ಮ ಸಾಲಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಅದೇ, ಆದರೆ ಅದರ ಕಂತು ತಪ್ಪಿದರೆ ಏಟು ಬೀಳುವುದು ನಿಮ್ಮ ತಂದೆಯ ಸಿಬಿಲ್ ಅಂಕಕ್ಕೂ ಮನೆಗೂ. ನನ್ನ ಸಲಹೆ ಕೇಳುವುದಾದರೆ ಹೊಸ ಕೆಲಸದ ಮೊದಲ ಆರೇಳು ತಿಂಗಳ ಉಳಿತಾಯದಲ್ಲಿ ಮೊದಲು ತೀರಿಸಬೇಕಾದದ್ದು ಅದನ್ನೇ. ಪೂರ್ತಿ ಕಟ್ಟಿದ ದಿನ ಬ್ಯಾಂಕಿನಿಂದ ಬಾಕಿ ಇಲ್ಲ ಎಂಬ ಪತ್ರ ಪಡೆಯಿರಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ದಿನದೊಳಗೆ ಮೂಲ ಪತ್ರಗಳನ್ನು ಮರಳಿಸಬೇಕು, ಬ್ಯಾಂಕಿನದೇ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು. ಪತ್ರ ಕೈಗೆ ಬಂದ ಮೇಲೆ ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಡಮಾನ ಬಿಡುಗಡೆ ನೋಂದಾಯಿಸಿ, ಕಾವೇರಿ ಪೋರ್ಟಲ್‌ನಲ್ಲಿ ಹೊಸ ಇಸಿ ತೆಗೆಸಿ, ಆ ಬಿಡುಗಡೆ ಅದರಲ್ಲಿ ಕಾಣುತ್ತದೆಯೇ ಎಂದು ತಂದೆಯವರಿಂದ ನೋಡಿಸಿ.